ಮೇಲ್, ಲಿಂಕ್ಡ್‌ಇನ್, ವಾಟ್ಸ್‌ಆ್ಯಪ್, ಫೋನ್, ಖುದ್ದು ಭೇಟಿ: ಕೆಲಸ ಹುಡುಕುವಾಗ ಯಾರಿಗೆ ಯಾವ ದಾರಿ?

ಕೊನೆಯ ಸೆಮಿಸ್ಟರಿಗೆ ಬಂದ ಹುಡುಗ ಹುಡುಗಿಯರು ಹೆಚ್ಚಾಗಿ ಕೇಳುವುದು ಇದನ್ನೇ: ರೆಸ್ಯೂಮೆ ಸಿದ್ಧ ಇದೆ, ಇನ್ನು ಅದನ್ನು ಯಾರಿಗೆ, ಹೇಗೆ ಮುಟ್ಟಿಸುವುದು? ಗೆಳೆಯರು ಲಿಂಕ್ಡ್‌ಇನ್ ಇಲ್ಲದೆ ಏನೂ ಆಗದು ಅನ್ನುತ್ತಾರೆ. ಸೀನಿಯರ್ ಒಬ್ಬರು ನೌಕರಿ ಡಾಟ್ ಕಾಮ್‌ನಲ್ಲಿ ಹಾಕಿ ಬಿಡು ಅನ್ನುತ್ತಾರೆ. ಮನೆಯ ಹಿರಿಯರು 'ಒಮ್ಮೆ ಹೋಗಿ ಮಾರಿ ತೋರಿಸಿ ಬಾ' ಅನ್ನುತ್ತಾರೆ. ಮೂವರ ಮಾತೂ ಒಂದೊಂದು ಕಡೆ ಸರಿ, ಎಲ್ಲ ಕಡೆ ಅಲ್ಲ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗೆ ಹೊಂದುವ ದಾರಿ ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದ ಔಷಧ ಘಟಕಕ್ಕೆ ಪೂರ್ತಿ ಹೊಂದುವುದಿಲ್ಲ. ಕಲಬುರಗಿ ಗಂಜಿನ ದಾಲ್ ಮಿಲ್ಲಿಗೆ ಎರಡೂ ಬೇಡ, ಅಲ್ಲಿನ ಪದ್ಧತಿಯೇ ಬೇರೆ.

ಹಾಗಾಗಿ ದಾರಿಗಳನ್ನು ಹೋಲಿಸುವ ಮೊದಲು ಅಳೆಯುವುದು ಯಾವುದರಿಂದ ಎಂದು ತೀರ್ಮಾನಿಸಿಕೊಳ್ಳಬೇಕು.

ಯಾವುದನ್ನು ನೋಡಿ ಆರಿಸುವುದು

ಎಲ್ಲಕ್ಕಿಂತ ಮೊದಲ ಪ್ರಶ್ನೆ: ನಿಮ್ಮ ಸಂದೇಶ ಓದಿದವರು ಮುಂದೆ ಏನು ಮಾಡಬೇಕು? ದೊಡ್ಡ ಕಂಪನಿಯಲ್ಲಿ ಓದುವವರು ಬೇರೆ, ತೀರ್ಮಾನ ಮಾಡುವವರು ಬೇರೆ. ನೇಮಕಾತಿ ನೋಡಿಕೊಳ್ಳುವ ಎಚ್‌ಆರ್ ಓದಿ ವಿಭಾಗದ ಮುಖ್ಯಸ್ಥರಿಗೆ ದಾಟಿಸಬೇಕು, ಅವರು ಒಪ್ಪಿದ ಮೇಲೆ ಕರೆ ಬರಬೇಕು. ಅಂದರೆ ನಿಮ್ಮ ಬರಹ ಕೈಯಿಂದ ಕೈಗೆ ಹೋಗುವಂತಿರಬೇಕು. ಹತ್ತು ಜನ ಕೆಲಸ ಮಾಡುವ ಅಂಗಡಿ, ಮಿಲ್ಲು, ಲೆಕ್ಕಪರಿಶೋಧಕರ ಕಚೇರಿಯಲ್ಲಿ ಓದುವವರೇ ಯಜಮಾನರು. ಅಲ್ಲಿ ದಾಟಿಸುವ ಮಾತಿಲ್ಲ, ಅವರಿಗೆ ನಿಮ್ಮ ಮೇಲೆ ಭರವಸೆ ಹುಟ್ಟಿದರೆ ಮುಗಿಯಿತು.

ಎರಡನೆಯದು, ಗುರುತಿಲ್ಲದವರ ಸಂದೇಶವನ್ನು ಆ ದಾರಿ ಎಷ್ಟು ಸಹಿಸುತ್ತದೆ? ಅಪರಿಚಿತರ ಮೇಲ್ ಯಾರಿಗೂ ಕಿರಿಕಿರಿ ಅಲ್ಲ. ಅಪರಿಚಿತರ ವಾಟ್ಸ್‌ಆ್ಯಪ್ ಬಹಳ ಮಂದಿಗೆ ಕಿರಿಕಿರಿ. ಮೂರನೆಯದು ಬಾಳಿಕೆ: ಈಗ ಹುದ್ದೆ ಖಾಲಿ ಇಲ್ಲ, ಎರಡು ತಿಂಗಳ ಮೇಲೆ ಖಾಲಿಯಾಯಿತು ಅನ್ನಿ. ಆಗ ಹುಡುಕಿದರೆ ನೀವು ಸಿಗುತ್ತೀರಾ? ಕೊನೆಯದು ಖರ್ಚು. ಇದರಲ್ಲಿ ಬಸ್ ಚಾರ್ಜು, ಡೇಟಾ ಮಾತ್ರವಲ್ಲ, ನಿಮ್ಮ ಹೊತ್ತು ಮತ್ತು ಧೈರ್ಯವೂ ಸೇರಿದೆ. ಫೋನ್ ಮಾಡಲು ಎದೆ ನಡುಗುವವರಿಗೆ ಫೋನೇ ಎಲ್ಲಕ್ಕಿಂತ ದುಬಾರಿ.

ಈಮೇಲ್: ಮೊದಲು ಸರಿಪಡಿಸಿಕೊಳ್ಳಬೇಕಾದದ್ದು

ನಮ್ಮ ಭಾಗದ ವಿದ್ಯಾರ್ಥಿಗಳು ಅತಿ ಹೆಚ್ಚು ಅಲಕ್ಷ್ಯ ಮಾಡುವುದು ಮೇಲನ್ನು. ಆದರೆ ಈ ನಾಲ್ಕು ಅಳತೆಯಲ್ಲಿ ಅದರಷ್ಟು ಅಂಕ ಬೇರೆ ಯಾವುದಕ್ಕೂ ಸಿಗದು. ಅಪರಿಚಿತರಿಗೆ ಬರೆಯಬಹುದು, ಒಂದೇ ಒತ್ತಿಗೆ ಮುಂದಕ್ಕೆ ಹೋಗುತ್ತದೆ, ಆರು ತಿಂಗಳ ಮೇಲೂ 'ಟ್ಯಾಲಿ' ಅಥವಾ 'ಮೆಕ್ಯಾನಿಕಲ್' ಎಂದು ಹುಡುಕಿದರೆ ಸಿಗುತ್ತದೆ, ಖರ್ಚು ಇಲ್ಲ. ಉಳಿದ ಯಾವ ದಾರಿ ಹಿಡಿದರೂ ಕೊನೆಗೆ 'ಮೇಲ್ ಮಾಡಿ' ಎಂಬಲ್ಲಿಗೇ ಮಾತು ಬಂದು ನಿಲ್ಲುತ್ತದೆ. ಆದ್ದರಿಂದ ಬೇರೆ ಯಾವುದನ್ನು ಆರಿಸಿಕೊಂಡರೂ ಇದನ್ನು ಸಿದ್ಧ ಇಟ್ಟುಕೊಳ್ಳಲೇಬೇಕು.

ತೊಂದರೆ ಆಗುವುದು ಚಿಕ್ಕ ಚಿಕ್ಕ ಸಂಗತಿಗಳಲ್ಲಿ. ಸ್ಕಾಲರ್‌ಶಿಪ್ ಅರ್ಜಿ ಹಾಕುವಾಗ ನೆಟ್ ಸೆಂಟರಿನವರು ಮೇಲ್ ಐಡಿ ಮಾಡಿಕೊಟ್ಟಿರುತ್ತಾರೆ. ಪಾಸ್‌ವರ್ಡ್ ಅವರ ಬಳಿ, ರಿಕವರಿ ನಂಬರು ಅಣ್ಣನದು, ಮೇಲ್ ಹೋದಾಗ ಕಾಣುವ ಹೆಸರು ಇನ್ಯಾರದೋ. ಅಂಥ ಐಡಿಯಿಂದ ಅರ್ಜಿ ಕಳಿಸಿದರೆ ಎಚ್‌ಆರ್‌ಗೆ ಬೇರೊಬ್ಬರ ಹೆಸರಿನಲ್ಲಿ ಪತ್ರ ಬಂದಂತಾಗುತ್ತದೆ. ಹೊಸ ಐಡಿ ಮಾಡಿಕೊಳ್ಳಿ. ನಿಮ್ಮ ಹೆಸರು, ಇನಿಷಿಯಲ್, ಬೇಕಿದ್ದರೆ ಎರಡಂಕಿ, ಅಷ್ಟು ಸಾಕು. ಅಡ್ಡಹೆಸರು, ಸಿನಿಮಾ ನಟನ ಹೆಸರು ಬೇಡ. ರೆಸ್ಯೂಮೆ, ಅಂಕಪಟ್ಟಿ, ಮೇಲ್ ಮೂರರಲ್ಲೂ ಹೆಸರಿನ ಸ್ಪೆಲಿಂಗ್ ಒಂದೇ ಇರಲಿ.

ವಿಷಯದ ಸಾಲು ಖಾಲಿ ಬಿಡಬಾರದು, 'ಜಾಬ್' ಎಂದಷ್ಟೇ ಬರೆಯಲೂಬಾರದು. ಓದುವವರು ಮೇಲ್ ತೆರೆಯುವ ಮೊದಲೇ ನಾಲ್ಕು ಸಂಗತಿ ಕಾಣಬೇಕು: 'ಅಪ್ಲಿಕೇಶನ್: ಜೂನಿಯರ್ ಅಕೌಂಟೆಂಟ್, ಬಿ.ಕಾಂ 2026, ಟ್ಯಾಲಿ, ಕಲಬುರಗಿ'. ಪ್ರಕಟಣೆಯಲ್ಲಿ ಜಾಬ್ ಐಡಿ ಕೊಟ್ಟಿದ್ದರೆ ಅದು ಎಲ್ಲಕ್ಕಿಂತ ಮುಂದೆ ಬರಲಿ.

ಒಳಗಿನ ಬರಹ 120 ಪದ ದಾಟುವುದು ಬೇಡ. ಅದರ ಹುರುಳು ಹೀಗಿರಲಿ: 'ಮಾನ್ಯರೇ, ನಿಮ್ಮ ವೆಬ್‌ಸೈಟಿನಲ್ಲಿ ಜೂನಿಯರ್ ಅಕೌಂಟೆಂಟ್ ಹುದ್ದೆಯ ಪ್ರಕಟಣೆ ನೋಡಿ ಬರೆಯುತ್ತಿದ್ದೇನೆ. ಬಿ.ಕಾಂ ಮುಗಿಸಿದ್ದೇನೆ. ಆರು ತಿಂಗಳು ತೆರಿಗೆ ಸಲಹೆಗಾರರ ಕಚೇರಿಯಲ್ಲಿ ಟ್ಯಾಲಿ ಪ್ರೈಮ್ ಎಂಟ್ರಿ, ಬ್ಯಾಂಕ್ ತಾಳೆ, ಜಿಎಸ್‌ಟಿಆರ್-1ಕ್ಕೆ ಬೇಕಾದ ಬಿಲ್ಲುಗಳ ಪಟ್ಟಿ ಮಾಡಿದ್ದೇನೆ. ಹೈದರಾಬಾದಿಗೆ ಬಂದು ಇರಲು ಸಿದ್ಧನಿದ್ದೇನೆ. ಎರಡು ದಿನ ಮೊದಲು ತಿಳಿಸಿದರೆ ಸಂದರ್ಶನಕ್ಕೆ ಬರುತ್ತೇನೆ. ರೆಸ್ಯೂಮೆ ಲಗತ್ತಿಸಿದ್ದೇನೆ.' ಕೆಳಗೆ ಪೂರ್ತಿ ಹೆಸರು, ಮೊಬೈಲ್ ನಂಬರು, ಊರು. ಹೈದರಾಬಾದ್, ಪುಣೆ, ಬೆಂಗಳೂರಿನ ಕಂಪನಿಗಳಿಗೆ ಇದನ್ನೇ ಸರಳ ಇಂಗ್ಲಿಷಿನಲ್ಲಿ ಬರೆಯಿರಿ. ಸಣ್ಣ ಸಣ್ಣ ವಾಕ್ಯ ಇದ್ದರೆ ತಪ್ಪು ಕಡಿಮೆ. ಇಲ್ಲಿನ ಕನ್ನಡ ಶಾಲೆ, ಸಹಕಾರಿ ಸಂಘ, ಸ್ವಯಂಸೇವಾ ಸಂಸ್ಥೆ, ಪತ್ರಿಕಾ ಕಚೇರಿಗಳಿಗೆ ಅಚ್ಚುಕಟ್ಟಾದ ಕನ್ನಡ ಪತ್ರವೇ ಮೇಲು. ತಪ್ಪಿಲ್ಲದ ಕನ್ನಡ ಬರೆಯುವವರ ಕೊರತೆ ಅಂಥ ಕಡೆ ನಿಜಕ್ಕೂ ಇದೆ, ನಿಮ್ಮ ಪತ್ರವೇ ನಿಮ್ಮ ಕೆಲಸದ ಮಾದರಿ ಆಗುತ್ತದೆ.

ಲಗತ್ತಿನ ವಿಷಯದಲ್ಲಿ ಹೆಚ್ಚು ಅರ್ಜಿಗಳು ಕೆಡುತ್ತವೆ. ಜಿಮೇಲ್ 25 ಎಂಬಿ ತನಕ ಬಿಡುತ್ತದೆ ನಿಜ. ಆದರೆ ಅಂಕಪಟ್ಟಿಗಳನ್ನು ಮೊಬೈಲಿನಲ್ಲಿ ಫೋಟೋ ಹೊಡೆದು ಹನ್ನೆರಡು ಚಿತ್ರ ಬಿಡಿಬಿಡಿಯಾಗಿ ಕಳಿಸಿದರೆ ಯಾರೂ ತೆರೆಯುವುದಿಲ್ಲ. ಮೊದಲ ಮೇಲ್‌ಗೆ ರೆಸ್ಯೂಮೆ ಒಂದೇ ಸಾಕು: ಒಂದು ಪುಟ, ಪಿಡಿಎಫ್, ಕಡತಕ್ಕೆ ನಿಮ್ಮ ಹೆಸರು ಮತ್ತು ಓದು. 'ನ್ಯೂ ಡಾಕ್ಯುಮೆಂಟ್ 3' ಎಂಬ ಹೆಸರಿನ ಕಡತ ಡೌನ್‌ಲೋಡ್ ಆದ ಮೇಲೆ ಯಾರದೆಂದು ಯಾರಿಗೂ ತಿಳಿಯದು. ಅಂಕಪಟ್ಟಿ ಕೇಳಿದಾಗ ಗೂಗಲ್ ಡ್ರೈವ್ ಆ್ಯಪಿನ ಸ್ಕ್ಯಾನ್ ಸೌಲಭ್ಯದಿಂದ ಎಲ್ಲವನ್ನೂ ಒಂದೇ ಪಿಡಿಎಫ್ ಮಾಡಿ ಕಳಿಸಿ. ಡ್ರೈವ್ ಲಿಂಕ್ ಕೊಡುವುದಾದರೆ ಲಿಂಕ್ ಇದ್ದವರೆಲ್ಲ ನೋಡುವಂತೆ ಅನುಮತಿ ಬದಲಿಸಿ, ಬೇರೆ ಫೋನಿನಲ್ಲಿ ತೆರೆದು ಪರೀಕ್ಷಿಸಿ. ಅನುಮತಿ ಕೇಳುವ ಪುಟ ಎದುರಾದರೆ ಎಚ್‌ಆರ್ ಅಲ್ಲಿಗೇ ಬಿಟ್ಟು ಮುಂದಿನ ಅರ್ಜಿಗೆ ಹೋಗುತ್ತಾರೆ.

ಐವತ್ತು ಕಂಪನಿಯ ವಿಳಾಸಗಳನ್ನು 'ಟು' ಜಾಗದಲ್ಲಿ ಒಟ್ಟಿಗೆ ತುಂಬಿ ಒಂದೇ ಮೇಲ್ ಕಳಿಸುವವರಿದ್ದಾರೆ. ಓದಿದ ಪ್ರತಿಯೊಬ್ಬರಿಗೂ ಉಳಿದ ನಲವತ್ತೊಂಬತ್ತು ಹೆಸರು ಕಾಣುತ್ತವೆ. ಅದಕ್ಕಿಂತ ದಿನಕ್ಕೆ ಐದೇ ಕಳಿಸಿ, ಒಂದೊಂದರಲ್ಲೂ ಆ ಕಂಪನಿಯ ಹೆಸರು, ಹುದ್ದೆ ಸರಿಯಾಗಿರಲಿ. ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ ಕಳಿಸಿದ್ದನ್ನು ಹಿಂಪಡೆಯುವ ಅವಧಿಯನ್ನು 5 ಸೆಕೆಂಡಿನಿಂದ 30ಕ್ಕೆ ಏರಿಸಿಕೊಳ್ಳಬಹುದು. ಲಗತ್ತು ಮರೆತದ್ದು ಹೊಳೆಯುವುದು ಬಹುತೇಕ ಆ ಅರ್ಧ ನಿಮಿಷದಲ್ಲೇ. ರಾತ್ರಿ ಬರೆದದ್ದನ್ನು ಮರುದಿನ ಬೆಳಿಗ್ಗೆ ಒಂಬತ್ತೂವರೆಗೆ ಹೋಗುವಂತೆ ಸಮಯ ಗೊತ್ತು ಮಾಡಿಡಿ.

ಉತ್ತರ ಬಾರದಿದ್ದರೆ ಐದರಿಂದ ಏಳು ಕೆಲಸದ ದಿನ ಕಾಯಿರಿ. ಆಮೇಲೆ ಹೊಸ ಮೇಲ್ ಬರೆಯದೆ ಹಳೆಯದಕ್ಕೇ ರಿಪ್ಲೈ ಒತ್ತಿ ಎರಡು ಸಾಲು ಬರೆಯಿರಿ, ಮೊದಲಿನದು ಕೆಳಗೇ ಇರುತ್ತದೆ. ಇನ್ನೊಂದು ವಾರದ ನಂತರ ಕೊನೆಯ ಬಾರಿ. ಮೂರು ಸಲಕ್ಕೂ ಉತ್ತರ ಇಲ್ಲ ಅಂದರೆ ಆ ವಿಳಾಸ ಬಿಡಿ. ಜಾಲತಾಣದಲ್ಲಿ ಕಾಣುವ 'ಇನ್ಫೋ' ಎಂದು ಶುರುವಾಗುವ ವಿಳಾಸಗಳಲ್ಲಿ ಹೀಗೆ ಆಗುವುದು ಸಹಜ. ಮೇಲ್‌ನ ದೊಡ್ಡ ದೌರ್ಬಲ್ಯವೇ ಇದು: ಸರಿಯಾದ ಮನುಷ್ಯನ ವಿಳಾಸ ಸಿಗುವುದು ಕಷ್ಟ. ಅದನ್ನು ಹುಡುಕಲು ಮುಂದಿನ ದಾರಿ ಬೇಕು.

ಲಿಂಕ್ಡ್‌ಇನ್: ಊರ ಹೊರಗಿನ ಕೆಲಸಕ್ಕೆ

ಕಲಬುರಗಿಯ ಅಂಗಡಿ, ಮಿಲ್ಲುಗಳ ಯಜಮಾನರು ಲಿಂಕ್ಡ್‌ಇನ್‌ನಲ್ಲಿ ಸಿಗುವುದು ಅಪರೂಪ. ಬೆಂಗಳೂರು, ಹೈದರಾಬಾದ್, ಪುಣೆಗೆ ಹೋದ ನಿಮ್ಮ ಕಾಲೇಜಿನ ಹಿರಿಯರು ಮಾತ್ರ ನೂರಾರು ಮಂದಿ ಅಲ್ಲಿದ್ದಾರೆ. ಈ ತಾಣದ ನಿಜವಾದ ಬೆಲೆ ಅದೇ. ಕಲಬುರಗಿಯ ಪಿಡಿಎ, ಬೀದರಿನ ಗುರುನಾನಕ್ ದೇವ್, ಭಾಲ್ಕಿಯ ಭೀಮಣ್ಣ ಖಂಡ್ರೆ ಇಂಜಿನಿಯರಿಂಗ್ ಕಾಲೇಜು, ಗುಲ್ಬರ್ಗ ವಿಶ್ವವಿದ್ಯಾಲಯ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ, ಯಾವುದೇ ಇರಲಿ, ಆ ಸಂಸ್ಥೆಯ ಪುಟಕ್ಕೆ ಹೋಗಿ 'ಅಲಮ್ನೈ' ಒತ್ತಿ. ಎಲ್ಲಿದ್ದಾರೆ, ಯಾವ ಕಂಪನಿ, ಯಾವ ಬಗೆಯ ಕೆಲಸ ಎಂದು ಬೇರ್ಪಡಿಸಿ ತೋರಿಸುತ್ತದೆ. ಕಾಲೇಜು ಬಿಟ್ಟು ಮೂರರಿಂದ ಎಂಟು ವರ್ಷ ಆದವರನ್ನು ಆರಿಸಿ. ಇಪ್ಪತ್ತು ವರ್ಷದವರಿಗೆ ಹೊಸಬರ ನೇಮಕಾತಿ ಹೇಗೆ ನಡೆಯುತ್ತದೆ ಎಂಬುದರ ನೇರ ಅನುಭವ ಕಡಿಮೆ, ಹೊತ್ತೂ ಕಡಿಮೆ.

ಸಂಪರ್ಕ ಕೋರುವಾಗ ಟಿಪ್ಪಣಿ ಸೇರಿಸಿ. ಉಚಿತ ಖಾತೆಗೆ ತಿಂಗಳಿಗೆ ಕೆಲವೇ ಟಿಪ್ಪಣಿಗಳಿಗೆ ಅವಕಾಶ ಇರುವುದರಿಂದ ಯಾರಿಗೆ ಎಂದು ಯೋಚಿಸಿ ಬಳಸಿ, 200 ಅಕ್ಷರದೊಳಗೆ ಮುಗಿಸಿ. ಕನ್ನಡದಲ್ಲಿ ಬರೆದರೆ ಕಾಗುಣಿತದ ಗುರುತು, ಒತ್ತುಗಳೂ ಎಣಿಕೆಗೆ ಬರುತ್ತವೆ. ಇಷ್ಟು ಸಾಕು: 'ನಮಸ್ಕಾರ ಸರ್. ಪಿಡಿಎ ಕಾಲೇಜಿನ ಕೊನೆಯ ವರ್ಷದ ಇ ಅಂಡ್ ಸಿ ವಿದ್ಯಾರ್ಥಿ ನಾನು. ನಮ್ಮ ವಿಭಾಗದಿಂದ ಟೆಸ್ಟಿಂಗ್‌ಗೆ ಹೋದವರು ನೀವು. ಮೊದಲ ಕೆಲಸಕ್ಕೆ ಯಾವ ಟೂಲ್ ಕಲಿತಿರಿ ಎಂದು ಕೇಳಬೇಕಿತ್ತು.' ಇದರಲ್ಲಿ ಕೆಲಸ ಕೊಡಿಸಿ ಎಂಬ ಮಾತಿಲ್ಲ, ಅವರು ಉತ್ತರಿಸಬಲ್ಲ ಒಂದು ಪ್ರಶ್ನೆ ಇದೆ. ಮೊದಲ ಸಂದೇಶದಲ್ಲೇ ರೆಸ್ಯೂಮೆ ತುರುಕಿ 'ಪ್ಲೀಸ್ ರೆಫರ್ ಮಿ' ಅಂದರೆ ಒಳ್ಳೆಯವರೂ ಸುಮ್ಮನಾಗುತ್ತಾರೆ. ಅವರಿಗೆ ನೀವು ಯಾರೆಂದೇ ಗೊತ್ತಿಲ್ಲ, ರೆಫರ್ ಮಾಡಿದರೆ ಅವರ ಹೆಸರೂ ಕಂಪನಿಯಲ್ಲಿ ನಿಮ್ಮ ಜತೆ ಸೇರಿಕೊಳ್ಳುತ್ತದೆ.

ಎರಡು ಮೂರು ಸಲ ಮಾತು ನಡೆದ ಮೇಲೆ ರೆಫರಲ್ ಕೇಳಬಹುದು, ಅದರಲ್ಲಿ ಸಂಕೋಚ ಬೇಡ. ತಮ್ಮವರು ಸೂಚಿಸಿದ ವ್ಯಕ್ತಿ ಸೇರಿದರೆ ಉದ್ಯೋಗಿಗೆ ಬಹುಮಾನ ಕೊಡುವ ಕಂಪನಿಗಳು ಬಹಳ ಇವೆ. ಕೇಳುವಾಗ ಅವರ ಕೆಲಸ ಹಗುರ ಮಾಡಿಕೊಡಿ: ಕಂಪನಿಯ ಜಾಲತಾಣದಲ್ಲಿನ ಜಾಬ್ ಐಡಿ, ಒಂದು ಪುಟದ ಪಿಡಿಎಫ್, 'ಈ ಹುದ್ದೆಗೆ ಇವರು ಯಾಕೆ' ಎಂಬುದಕ್ಕೆ ಮೂರು ಸಾಲು. ಆ ಮೂರು ಸಾಲನ್ನು ಅವರು ಹಾಗೇ ಎತ್ತಿ ರೆಫರಲ್ ಫಾರಂನಲ್ಲಿ ಅಂಟಿಸುವಂತಿರಬೇಕು. 'ಯಾವುದಾದರೂ ಓಪನಿಂಗ್ ಇದ್ದರೆ ಹೇಳಿ ಅಣ್ಣಾ' ಎಂದು ಬಿಟ್ಟರೆ ಹುಡುಕುವ ಕೆಲಸ ಅವರ ಮೇಲೆ ಬೀಳುತ್ತದೆ, ಅಲ್ಲಿಗೆ ಅದು ನಿಂತುಹೋಗುತ್ತದೆ.

ಪ್ರೊಫೈಲ್ ಕಟ್ಟಲು ಒಂದು ಸಂಜೆ ಸಾಕು. ತಿಳಿ ಬಣ್ಣದ ಗೋಡೆ ಮುಂದೆ ನಿಂತ ಫೋಟೋ, ಹೆಸರಿನ ಕೆಳಗಿನ ಸಾಲಿನಲ್ಲಿ ಓದು ಮತ್ತು ನಿಮಗೆ ಬರುವ ಕೆಲಸ. ಆ ಸಾಲಿಗೆ 220 ಅಕ್ಷರ ಜಾಗವಿದೆ, 'ಸೀಕಿಂಗ್ ಆಪರ್ಚುನಿಟಿ' ಎಂದಷ್ಟೇ ಬರೆದು ಹಾಳು ಮಾಡಬೇಡಿ. ಹಣ ಕೊಟ್ಟು ಪ್ರೀಮಿಯಂ ತೆಗೆದುಕೊಳ್ಳುವ ಅಗತ್ಯ ವಿದ್ಯಾರ್ಥಿಗೆ ಇಲ್ಲ. ಆ ದುಡ್ಡಿನಲ್ಲಿ ಹೈದರಾಬಾದಿಗೆ ಹೋಗಿ ವಾಕ್-ಇನ್ (ನೇರ ಸಂದರ್ಶನ) ಒಂದನ್ನು ಮುಗಿಸಿ ಬರಬಹುದು.

ವಾಟ್ಸ್‌ಆ್ಯಪ್: ಪರಿಚಯ ಆದ ಮೇಲೆ

ಬೇಗ ಓದಿಸಿಕೊಳ್ಳುವುದರಲ್ಲಿ ಇದನ್ನು ಮೀರಿಸಿದ್ದಿಲ್ಲ, ಆದರೆ ನಮ್ಮ ನಾಲ್ಕು ಅಳತೆಗಳಲ್ಲಿ ಮೊದಲ ಮೂರರಲ್ಲಿ ಕಡಿಮೆ. ಗುರುತಿಲ್ಲದವರಿಗೆ ಸಲ್ಲದು, ಕಂಪನಿಯ ದಾಖಲೆಗೆ ಸೇರದು, ನಾಲ್ಕು ದಿನದಲ್ಲಿ ಉಳಿದ ಚಾಟ್‌ಗಳ ಕೆಳಗೆ ಹೂತುಹೋಗುತ್ತದೆ. ನಿಮ್ಮ ಲೆಕ್ಚರರ್, ನೆಂಟರ ಪೈಕಿ ಕೆಲಸದಲ್ಲಿರುವವರು, ತಾವೇ ನಂಬರು ಕೊಟ್ಟ ಎಚ್‌ಆರ್, ಇಷ್ಟು ಮಂದಿಗೆ ಮಾತ್ರ ಬಳಸಿ.

'ಹಾಯ್ ಸರ್' ಎಂದು ಹಾಕಿ ಉತ್ತರಕ್ಕೆ ಕಾಯುತ್ತ ಕೂಡುವುದು ಎಲ್ಲರೂ ಮಾಡುವ ತಪ್ಪು. ನೀವು ಯಾರು, ಯಾರ ಮೂಲಕ ನಂಬರು ಸಿಕ್ಕಿತು, ಏನು ಬೇಕು, ಎಲ್ಲ ಒಂದೇ ಸಂದೇಶದಲ್ಲಿ ಇರಲಿ. ಬೆಳಿಗ್ಗೆ ಹತ್ತರಿಂದ ಸಂಜೆ ಆರರ ಒಳಗೆ ಕಳಿಸಿ. ಧ್ವನಿ ಸಂದೇಶ ಬೇಡ, ಮೀಟಿಂಗಿನಲ್ಲಿ ಕುಳಿತವರು ಕೇಳಲಾರರು. ತಪ್ಪು ಬಿದ್ದಿದ್ದರೆ 15 ನಿಮಿಷದೊಳಗೆ ತಿದ್ದಬಹುದು. ಕೆಲಸ ಹುಡುಕುವಷ್ಟು ದಿನ ಡಿಪಿ, ಸ್ಟೇಟಸ್ ಎರಡರ ಮೇಲೂ ಒಂದು ಕಣ್ಣಿಡಿ, ನಂಬರು ಸೇವ್ ಮಾಡಿಕೊಂಡವರು ನೋಡುತ್ತಾರೆ.

ಜಾಬ್ ಗ್ರೂಪುಗಳ ಮಾತೇ ಬೇರೆ. ಹೈದರಾಬಾದಿನ ಔಷಧ ಕಂಪನಿಗಳ ವಾಕ್-ಇನ್ ಸುದ್ದಿ ಬೀದರಿನ ಗ್ರೂಪುಗಳಿಗೆ ಬೇಗ ತಲುಪುತ್ತದೆ, ಅದು ನಿಜವಾದ ಉಪಕಾರ. ಆದರೆ ಅದೇ ಗ್ರೂಪಿನಲ್ಲಿ ಸುಳ್ಳು ಪ್ರಕಟಣೆಯೂ ಓಡಾಡುತ್ತದೆ. ಬಸ್ ಹತ್ತುವ ಮೊದಲು ಕಂಪನಿಯ ಸ್ವಂತ ಜಾಲತಾಣದಲ್ಲಿ ನೋಡಿ ಅಥವಾ ಅಲ್ಲಿನ ನಂಬರಿಗೆ ಕರೆ ಮಾಡಿ ಖಚಿತ ಮಾಡಿಕೊಳ್ಳಿ. ರಿಜಿಸ್ಟ್ರೇಶನ್ ಶುಲ್ಕ, ಟ್ರೇನಿಂಗ್ ಡಿಪಾಸಿಟ್, ಲ್ಯಾಪ್‌ಟಾಪಿಗೆ ಮುಂಗಡ ಎಂದು ದುಡ್ಡು ಕೇಳಿದರೆ ಮಾತು ಅಲ್ಲಿಗೇ ನಿಲ್ಲಿಸಿ. ಒಟಿಪಿ ಯಾರಿಗೂ ಕೊಡಬೇಡಿ. ದುಡ್ಡು ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಆ ಹಣವನ್ನು ಬ್ಯಾಂಕಿನಲ್ಲಿ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಫೋನ್: ನಮ್ಮೂರ ಯಜಮಾನರಿಗೆ

ಇಲ್ಲಿನ ಸಣ್ಣ, ಮಧ್ಯಮ ವ್ಯವಹಾರಗಳಲ್ಲಿ ಫೋನಿಗಿರುವ ಬೆಲೆ ಮೇಲ್‌ಗಿಲ್ಲ. ಮಾತಿನ ಧಾಟಿಯಲ್ಲೇ ಮನುಷ್ಯ ಹೇಗೆ ಎಂದು ಅವರು ಅಳೆಯುತ್ತಾರೆ. ಪುಸ್ತಕದ ಕನ್ನಡ ಬೇಕಿಲ್ಲ, ಮನೆಯಲ್ಲಿ ಹಿರಿಯರೊಡನೆ ಆಡುವ ಮಾತೇ ಸರಿ: 'ನಮಸ್ಕಾರ್ರಿ ಸರ್. ನಾ ಶಹಾಬಾದದಿಂದ ಮಾತಾಡ್ಲತ್ತೀನ್ರಿ. ಬಿ.ಕಾಂ ಆಗ್ಯಾದ್ರಿ, ಟ್ಯಾಲಿ ಬರ್ತದ್ರಿ. ನಿಮ್ಮಲ್ಲಿ ಅಕೌಂಟ್ಸ್‌ಗೆ ಹುಡುಗರು ಬೇಕಂತ ಕೇಳಿದ್ದೆ. ಈಗ ಎರಡು ನಿಮಿಷ ಮಾತಾಡ್ಲೇನ್ರಿ, ಇಲ್ಲಾ ಮತ್ತ ಯಾವಾಗ ಮಾಡ್ಲಿ?' ಕೊನೆಯ ಪ್ರಶ್ನೆ ಮುಖ್ಯ. ಕೆಲಸದ ಗಡಿಬಿಡಿಯಲ್ಲಿದ್ದರೆ 'ಸಂಜಿಗೆ ಮಾಡು' ಅನ್ನುತ್ತಾರೆ, ಸಂಜೆ ಮಾಡಿದಾಗ ನೀವು ಅಪರಿಚಿತರಾಗಿರುವುದಿಲ್ಲ.

ಯಾವ ಹೊತ್ತು ಎಂಬುದು ವ್ಯವಹಾರದ ಮೇಲಿದೆ. ಹೊಸ ತೊಗರಿ ಬರುವ ಜನವರಿಯಿಂದ ಮಾರ್ಚ್ ತನಕ ದಾಲ್ ಮಿಲ್ಲಿನವರಿಗೆ ಉಸಿರಾಡಲು ಪುರಸೊತ್ತಿಲ್ಲ. ಕೈ ಬೇಕಾಗುವುದೂ ಆಗಲೇ, ಹಾಗಾಗಿ ನವೆಂಬರ್, ಡಿಸೆಂಬರಿನಲ್ಲೇ ಕೇಳಿ. ತೆರಿಗೆ ಸಲಹೆಗಾರರ ಕಚೇರಿಗೆ ಪ್ರತಿ ತಿಂಗಳು 11 ಮತ್ತು 20ನೇ ತಾರೀಖಿನ ಹಿಂದುಮುಂದು ಜಿಎಸ್‌ಟಿ ಒತ್ತಡ ಇರುತ್ತದೆ. ತಿಂಗಳ 22ರ ನಂತರ ಮಾಡಿದರೆ ಸಮಾಧಾನದಿಂದ ಮಾತಾಡುತ್ತಾರೆ.

ಕರೆ ಮಾಡುವಷ್ಟೇ ಮುಖ್ಯ ಕರೆ ಎತ್ತುವುದು. 080 ಬೆಂಗಳೂರಿನ, 040 ಹೈದರಾಬಾದಿನ ಸ್ಥಿರ ದೂರವಾಣಿಯ ಸಂಖ್ಯೆ. ಸ್ಪ್ಯಾಮ್ ಎಂದು ಕತ್ತರಿಸಿದ ಆ ಕರೆ ಸಂದರ್ಶನದ್ದೂ ಆಗಿರಬಹುದು. ರೆಸ್ಯೂಮೆಯಲ್ಲಿ ಅಪ್ಪನ ನಂಬರು ಕೊಟ್ಟಿದ್ದರೆ, ಹೊಲದಲ್ಲಿದ್ದಾಗ ಬಂದ ಕರೆಗೆ ಏನು ಹೇಳಬೇಕು, ಯಾರ ಹೆಸರು, ನಂಬರು ಬರೆದಿಟ್ಟುಕೊಳ್ಳಬೇಕು ಎಂದು ಮನೆಯಲ್ಲಿ ಮೊದಲೇ ತಿಳಿಸಿರಿ. ಊರಲ್ಲಿ ಸಿಗ್ನಲ್ ಸಿಗದಿದ್ದರೆ ಎರಡನೇ ನಂಬರು ಕೊಡಿ.

ಫೋನಿನ ಕೊರತೆ ಎಂದರೆ ಅದು ಗಾಳಿಯಲ್ಲಿ ಹೋಗುತ್ತದೆ. ಮಾತು ಮುಗಿದ ಅರ್ಧ ಗಂಟೆಯೊಳಗೆ 'ಈಗ ಮಾತಾಡಿದ ಪ್ರಕಾರ ರೆಸ್ಯೂಮೆ ಕಳಿಸಿದ್ದೇನೆ' ಎಂದು ಅವರು ಹೇಳಿದ ನಂಬರಿಗೋ ಮೇಲ್‌ಗೋ ಕಳಿಸಿದರೆ ಆ ಕೊರತೆ ತುಂಬುತ್ತದೆ.

ಖುದ್ದು ಭೇಟಿ

ಇದು ಎಲ್ಲಕ್ಕಿಂತ ಖರ್ಚಿನ ದಾರಿ, ಒಂದು ದಿನವೇ ಹೋಗುತ್ತದೆ. ಎಲ್ಲಿ ಫಲ ಕೊಡುತ್ತದೆ? ಕಪನೂರ ಕೈಗಾರಿಕಾ ಪ್ರದೇಶದ ಸಣ್ಣ ಘಟಕಗಳು, ಶೋರೂಂಗಳು, ಖಾಸಗಿ ಶಾಲೆಗಳು, ನರ್ಸಿಂಗ್ ಹೋಂಗಳು. ಎಲ್ಲಿ ಕೊಡುವುದಿಲ್ಲ? ವಾಡಿ, ಮಳಖೇಡದ ಕಡೆಯ ಸಿಮೆಂಟ್ ಕಾರ್ಖಾನೆಗಳಂಥ ದೊಡ್ಡ ಕಡೆ ಗೇಟಿನಲ್ಲೇ ಸೆಕ್ಯುರಿಟಿಯವರು ನಿಲ್ಲಿಸುತ್ತಾರೆ. ಒಳಗಿನವರ ಹೆಸರು, ಭೇಟಿಯ ಸಮಯ ಗೊತ್ತಿಲ್ಲದೆ ಹೋದರೆ ರೆಸ್ಯೂಮೆ ಗೇಟಿನ ಪೆಟ್ಟಿಗೆಯಲ್ಲಿ ಉಳಿಯುತ್ತದೆ. ಯಾದಗಿರಿಯ ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶದ ರಾಸಾಯನಿಕ, ಔಷಧ ಘಟಕಗಳಿಗೂ ಇದೇ ಮಾತು. ಮೊದಲು ಫೋನ್ ಮಾಡಿ ಎಚ್‌ಆರ್ ಯಾವ ದಿನ ಭೇಟಿಗೆ ಸಿಗುತ್ತಾರೆ ಎಂದು ಕೇಳಿಕೊಂಡು ಸೈದಾಪುರದ ಹಾದಿ ಹಿಡಿಯಿರಿ.

ಹೋಗುವಾಗ ಫೈಲಿನಲ್ಲಿ ರೆಸ್ಯೂಮೆಯ ಐದು ಪ್ರತಿ, ಅಂಕಪಟ್ಟಿಗಳ ಒಂದು ಜೊತೆ ಜೆರಾಕ್ಸ್, ಎರಡು ಫೋಟೋ, ಪೆನ್ನು ಇರಲಿ. ಮೂಲ ಪ್ರತಿ ತೋರಿಸಲು ಮಾತ್ರ, ಯಾರಿಗೂ ಬಿಟ್ಟು ಬರಬಾರದು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬಿಸಿಲಿನ ಕಾರಣಕ್ಕೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರ ತನಕ ನಡೆಯುವುದು ವಾಡಿಕೆ. ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಗೆ ಊಟ ಮಾಡಿಕೊಂಡು ಹೋದರೆ ಬೀಗ ನೋಡಿ ಬರಬೇಕಾಗುತ್ತದೆ.

ಪೋರ್ಟಲ್ ಮತ್ತು ಪ್ಲೇಸ್‌ಮೆಂಟ್ ಸೆಲ್

ನೌಕರಿ ಡಾಟ್ ಕಾಮ್, ಕೇಂದ್ರ ಸರ್ಕಾರದ ಎನ್‌ಸಿಎಸ್ (ನ್ಯಾಷನಲ್ ಕೆರಿಯರ್ ಸರ್ವಿಸ್), ರಾಜ್ಯದ ಸ್ಕಿಲ್ ಕನೆಕ್ಟ್, ಮೂರರಲ್ಲೂ ಹೆಸರು ನೋಂದಾಯಿಸಲು ಉದ್ಯೋಗಾರ್ಥಿಗೆ ಶುಲ್ಕ ಇಲ್ಲ. ಪೋರ್ಟಲಿನಲ್ಲಿ ನಿಮ್ಮನ್ನು ಮೊದಲು ನೋಡುವುದು ಯಂತ್ರ. ಎರಡು ಅಂಕಣದ ಚೆಂದದ ವಿನ್ಯಾಸ, ಚಿತ್ರದೊಳಗಿನ ಅಕ್ಷರ, ಕೌಶಲಕ್ಕೆ ನಕ್ಷತ್ರದ ಗುರುತು ಇವನ್ನು ಅದು ಕಲಸಿ ಓದುತ್ತದೆ. ಒಂದೇ ಅಂಕಣದ ಸಾದಾ ರೆಸ್ಯೂಮೆ ಹಾಕಿ. ಪ್ರಕಟಣೆಯಲ್ಲಿ 'ಎಚ್‌ಪಿಎಲ್‌ಸಿ' (ಪ್ರಯೋಗಾಲಯದ ಒಂದು ಪರೀಕ್ಷಾ ವಿಧಾನ) ಎಂದಿದ್ದರೆ, ನಿಮಗೆ ಬರುವುದಾದರೆ, ಅದೇ ಪದ ನಿಮ್ಮಲ್ಲೂ ಇರಲಿ. 2014ರ ನವೆಂಬರಿನಲ್ಲಿ ಊರಿನ ಹೆಸರು ಅಧಿಕೃತವಾಗಿ ಬದಲಾದರೂ ಹಲವು ಪಟ್ಟಿಗಳಲ್ಲಿ ಗುಲ್ಬರ್ಗ ಎಂದೇ ಇದೆ. ವಿಳಾಸದಲ್ಲಿ ಎರಡೂ ಹೆಸರು ಬರೆದರೆ ಹುಡುಕುವವರಿಗೆ ತಪ್ಪುವುದಿಲ್ಲ. ಇಷ್ಟಾದರೂ ಪೋರ್ಟಲ್ ಮೇಲೊಂದೇ ನೆಚ್ಚಿಕೊಂಡು ಕೂಡಬೇಡಿ, ಒಂದೊಂದು ಹುದ್ದೆಗೆ ಅರ್ಜಿಗಳ ರಾಶಿ ಬೀಳುತ್ತದೆ.

ಪ್ಲೇಸ್‌ಮೆಂಟ್ ಸೆಲ್ ಇದ್ದರೆ ಕ್ಯಾಂಪಸ್ಸಿಗೆ ಬಂದ ಕಂಪನಿಗಳಷ್ಟಕ್ಕೇ ಅದನ್ನು ಮುಗಿಸಬೇಡಿ. ಅಲ್ಲಿನ ಅಧಿಕಾರಿಯ ಬಳಿ ಹಿಂದಿನ ಬ್ಯಾಚುಗಳ ಸಂಪರ್ಕ ಇರುತ್ತದೆ. 'ಈ ಕಂಪನಿಯಲ್ಲಿ ನಮ್ಮವರು ಯಾರಾದರೂ ಇದ್ದಾರೆಯೇ, ನನ್ನ ಬಗ್ಗೆ ಒಂದು ಮೇಲ್ ಹಾಕುತ್ತೀರಾ' ಎಂದು ಕೇಳಿ. ಅವರ ಒಂದು ಸಾಲು ನಿಮ್ಮ ಹತ್ತು ಅರ್ಜಿಗೆ ಸಮ.

ನಿಮಗೆ ಯಾವುದು?

ಬಿಇ, ಬಿಸಿಎ, ಎಂಸಿಎ ಮಾಡಿ ಬೆಂಗಳೂರು ಅಥವಾ ಹೈದರಾಬಾದಿನತ್ತ ಮುಖ ಮಾಡಿದವರು ವಾರದ ಹೊತ್ತಿನಲ್ಲಿ ಅರ್ಧವನ್ನು ಲಿಂಕ್ಡ್‌ಇನ್‌ನ ಹಿರಿಯರಿಗೆ, ಉಳಿದ ಬಹುಪಾಲನ್ನು ಮೇಲ್‌ಗೆ, ಸ್ವಲ್ಪವನ್ನು ಪೋರ್ಟಲಿಗೆ ಕೊಡಿ. ಎಂಎಸ್ಸಿ ರಸಾಯನಶಾಸ್ತ್ರ, ಬಿ.ಫಾರ್ಮ್‌ನವರಿಗೆ ಮೇಲ್ ಮತ್ತು ವಾಕ್-ಇನ್ ಜೋಡಿ ಒಳ್ಳೆಯದು. ಬೀದರಿನಿಂದ ಹೈದರಾಬಾದ್ ಸುಮಾರು 140 ಕಿ.ಮೀ., ಬೆಳಿಗ್ಗೆ ಹೋಗಿ ರಾತ್ರಿಗೆ ಮನೆ ಸೇರಬಹುದು. ಕಲಬುರಗಿ, ಯಾದಗಿರಿಯವರು ಒಂದೇ ವಾಕ್-ಇನ್ನಿಗೆ ಓಡುವ ಬದಲು ಅದೇ ವಾರದ ಎರಡು ಮೂರನ್ನು ಕೂಡಿಸಿಕೊಂಡು ಹೊರಡುವುದು ಲೇಸು.

ಡಿಪ್ಲೊಮಾ, ಐಟಿಐ ಮುಗಿಸಿ ಸಿಮೆಂಟ್ ಕಾರ್ಖಾನೆಯ ಕಡೆ ನೋಡುವವರು ನೇರ ನೌಕರಿಗಿಂತ ಅಪ್ರೆಂಟಿಸ್ ದಾರಿಯನ್ನು ಮೊದಲು ಹಿಡಿಯಿರಿ. ಪದವಿ, ಡಿಪ್ಲೊಮಾದವರಿಗೆ ಕೇಂದ್ರದ ಅಪ್ರೆಂಟಿಸ್ ತರಬೇತಿ ಯೋಜನೆಯಾದ ನ್ಯಾಟ್ಸ್, ಐಟಿಐನವರಿಗೆ ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲ್. ಅಲ್ಲಿ ನೋಂದಾಯಿಸಿದ ಸಂಖ್ಯೆಯನ್ನು ಮೇಲ್‌ನ ವಿಷಯದ ಸಾಲಿನಲ್ಲೇ ಬರೆಯಿರಿ. ಕಾರ್ಖಾನೆಯೊಳಗೆ ಕೆಲಸ ಹಿಡಿದ ಕಾಂಟ್ರಾಕ್ಟರುಗಳಿಗೆ ಮಾತ್ರ ಫೋನೇ ಸರಿ.

ಬಿ.ಕಾಂ, ಬಿಎ ಆಗಿ ಊರಲ್ಲೇ ಇರಬೇಕು ಅನ್ನುವವರಿಗೆ ಲಿಂಕ್ಡ್‌ಇನ್ ಹಿಂದೆ ಹೊತ್ತು ಕಳೆಯುವುದು ಬೇಡ. ಫೋನ್, ಭೇಟಿ, ಆಮೇಲೆ ವಾಟ್ಸ್‌ಆ್ಯಪಿನಲ್ಲಿ ರೆಸ್ಯೂಮೆ. ಮನೆಯಿಂದ ದೂರ ಓಡಾಡಲು ಅನುಕೂಲ ಇಲ್ಲದ ಹೆಣ್ಣುಮಕ್ಕಳು ಇದನ್ನೇ ತಿರುಗಿಸಿ, ಮೇಲ್ ಮತ್ತು ಫೋನಿನಲ್ಲಿ ಮುಕ್ಕಾಲು ಕೆಲಸ ಮುಗಿಸಿ, ಸಂದರ್ಶನ ಖಚಿತವಾದ ಕಡೆಗೆ ಮಾತ್ರ ಹೋಗಬಹುದು. ಕಲ್ಯಾಣ ಕರ್ನಾಟಕದವರ ಮೀಸಲಾತಿಗಾಗಿ ಇರುವ 371(ಜೆ) ಪ್ರಮಾಣಪತ್ರ ರಾಜ್ಯ ಸರ್ಕಾರದ ನೇಮಕಾತಿ ಮತ್ತು ಕಾಲೇಜು ಪ್ರವೇಶಕ್ಕೆ ಬೇಕಾದದ್ದು. ಖಾಸಗಿ ಕಂಪನಿಯ ಅರ್ಜಿಗೆ ಅದನ್ನು ಲಗತ್ತಿಸುವ ಅಗತ್ಯವಿಲ್ಲ.

ಯಾವ ಜೋಡಿ ಆರಿಸಿಕೊಂಡರೂ ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಐದು ಅಂಕಣ ಎಳೆಯಿರಿ: ತಾರೀಖು, ಯಾರಿಗೆ, ಯಾವ ದಾರಿಯಲ್ಲಿ, ಏನು ಹೇಳಿದರು, ಮತ್ತೆ ಯಾವಾಗ ಕೇಳಬೇಕು. ಸಂದರ್ಶನಕ್ಕೆ ಕರೆ ಬಂದರೆ ಅದೇ ದಿನ ಮರುಉತ್ತರ ಕೊಟ್ಟು ಸಮಯ, ಜಾಗ, ಕೇಳಬೇಕಾದ ವ್ಯಕ್ತಿಯ ಹೆಸರನ್ನು ಬರೆದು ಖಚಿತಪಡಿಸಿಕೊಳ್ಳಿ. ಒಂದು ಕಡೆ ಕೆಲಸ ಒಪ್ಪಿಕೊಂಡ ದಿನ ಆ ಪಟ್ಟಿ ತೆಗೆದು, ಇನ್ನೂ ಮಾತುಕತೆ ನಡೆದಿರುವ ಪ್ರತಿಯೊಬ್ಬರಿಗೂ ಎರಡು ಸಾಲು ತಿಳಿಸಿ, ರೆಫರ್ ಮಾಡಿದ ಹಿರಿಯರಿಗೆ ಫೋನ್ ಮಾಡಿ.